ಬಂದು ಹೋಗುವವಳು

ನಿಮ್ಮ ಮನೆಯಲ್ಲಿ ಎಷ್ಟು ಜನ ಎಂದು ಯಾರಾದರೂ ಬಂದು ಕೇಳಿದರೆ, ನೀವು ಯಾರನ್ನು ಬಿಟ್ಟು ಲೆಕ್ಕ ಹೇಳುತ್ತೀರಿ? ಯಾರನ್ನೂ ಬಿಡುವುದಿಲ್ಲ ಎನ್ನುವಿರಲ್ಲವೆ? ಈ ಮನೆಯ ಸೊಸೆಯೂ ಹಾಗೆಯೇ ಅನ್ನುತ್ತಿದ್ದಳು. ಅವಳು ಶಾಲೆಯ ಉಪಾಧ್ಯಾಯಿನಿ. ಹಾಜರಿ ಕೂಗುವಾಗ ಪ್ರತಿಯೊಂದು ಹೆಸರಿಗೂ ತಲೆಯೆತ್ತಿ, ಮುಖ ನೋಡಿದ ಮೇಲೆಯೇ ಗುರುತು ಹಾಕುವವಳು. ಹಿಂದಿನ ಬೆಂಚಿನಲ್ಲಿ ಒಬ್ಬನ ಹೆಸರಿಗೆ ಇನ್ನೊಬ್ಬ ಓಗೊಟ್ಟರೆ ದನಿಯಲ್ಲೇ ಕಳ್ಳನನ್ನು ಹಿಡಿಯುವವಳು. ಅಂಥವಳು ಅಂದು ಬೆಳಿಗ್ಗೆ ತನ್ನ ಸ್ವಂತ ಮನೆಯ ನಡುಮನೆಯಲ್ಲಿ, ಆರೋಗ್ಯ ಕೇಂದ್ರದಿಂದ ಬಂದ ನರ್ಸಿನ ಎದುರು ಕುಳಿತು, ಒಂದೊಂದೇ ಬೆರಳು ಮಡಿಸುತ್ತ ಹೇಳಿದಳು:

"ಮಾವನವರು, ನಮ್ಮ ಯಜಮಾನರು, ನಾನು, ಮಗಳು. ನಾಲ್ಕೇ ಜನ."

ಮಡಿಸದೆ ಉಳಿದ ಹೆಬ್ಬೆರಳು ಗಾಳಿಯಲ್ಲಿ ಒಂಟಿಯಾಗಿ ನಿಂತಿತ್ತು. ಅವಳು ಕೈಯನ್ನು ಮಡಿಲಿಗೆಳೆದುಕೊಂಡಳು.

ನರ್ಸ್ ಬರೆದುಕೊಂಡಳು. ಆ ದಿನ ಅವಳು ಇನ್ನೂ ಹಲವು ಮನೆಗಳ ಮೆಟ್ಟಿಲು ಹತ್ತಬೇಕಿತ್ತು; ಹೆಗಲ ಚೀಲವನ್ನು ಕೆಳಗಿಡದೆ ಕುರ್ಚಿಯ ಅಂಚಿನಲ್ಲೇ ಕುಳಿತಿದ್ದಳು. "ನೋಡಿ ಟೀಚರ್, ನಮಗೆ ರಕ್ತಸಂಬಂಧ ಮುಖ್ಯ ಅಲ್ಲ. ಅವರ ಜೊತೆ ಒಂದೇ ಗಾಳಿ ಕುಡಿಯೋರೆಲ್ಲ ಪರೀಕ್ಷೆಗೆ ಬರಬೇಕು. ಆ ಕೋಣೇಲಿ ಜಾಸ್ತಿ ಹೊತ್ತು ಇರೋರು ಯಾರು, ಅದೇ ಲೆಕ್ಕ. ಮತ್ತೆ, ತೀರಾ ಸಣ್ಣ ಕೂಸು ಏನಾದ್ರೂ ಇದೆಯಾ? ನಿಮ್ಮಲ್ಲಿ, ಇಲ್ಲಾ ಇಲ್ಲಿಗೆ ಬಳಕೆ ಇರೋರ ಮನೇಲಿ? ಕೂಸುಗಳಿಗೆ ಇದು ಬಂದ್ರೆ ಎದೇಲಿ ನಿಲ್ಲಲ್ಲ, ಮಿದುಳಿಗೇ ಏರಿಬಿಡುತ್ತೆ. ಅದಕ್ಕೇ ಕೇಳೋದು."

"ಇಲ್ಲ," ಎಂದಳು ಸೊಸೆ. "ನಮ್ಮ ಪುಟ್ಟಿಗೇ ಒಂಬತ್ತು ವರ್ಷ."

ಅಷ್ಟರಲ್ಲಿ ಒಳಕೋಣೆಯ ಪರದೆ ಸರಿಯಿತು. ಹೆಗಲ ಮೇಲೆ ಟವೆಲು, ಕೈಯಲ್ಲಿ ಮುಚ್ಚಳವಿಟ್ಟ ಉಗುಳುವ ಬಟ್ಟಲು ಹಿಡಿದ ಒಬ್ಬ ನಡುವಯಸ್ಸು ದಾಟಿದ ಹೆಂಗಸು ಹೊರಗೆ ಬಂದು, ನರ್ಸಿಗೆ ನಗುಮುಖ ತೋರಿಸಿ, ಬಚ್ಚಲ ಕಡೆ ತಿರುಗಿದಳು. ನರ್ಸಿನ ಪೆನ್ನು ನಿಂತಿತು.

"ಇವರು?"

ಈ ಪ್ರಶ್ನೆಗೆ ಸೊಸೆ ಕೊಟ್ಟ ಉತ್ತರವನ್ನು ಹೇಳುವ ಮುನ್ನ, ಅವರು ಯಾರೆಂಬುದನ್ನು ಹೇಳಬೇಕು.

ಆ ಹೆಂಗಸಿನ ನಿಜವಾದ ಹೆಸರು ಆ ಮನೆಯಲ್ಲಿ ಬಳಕೆಯಲ್ಲಿರಲಿಲ್ಲ. ಅವಳನ್ನು ಎಲ್ಲರೂ ಸರ್ಕಾರ ಎನ್ನುತ್ತಿದ್ದರು. ಹೆಸರಿಟ್ಟವರು ಮಾವ. ಅವರು ನಿವೃತ್ತ ಸ್ಟೇಷನ್ ಮಾಸ್ತರರು. ಜಾರಿಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ ಮೇಲೂ ದನಿ ಮಾತ್ರ ಪ್ಲಾಟ್‌ಫಾರಂ ಬಿಟ್ಟು ಇಳಿದಿರಲಿಲ್ಲ. ಅವರ ಆರೈಕೆಗೆಂದು ಮೊದಲು ಬಂದವಳು ಅವರ ನಾಲಿಗೆಗೆ ಹೆದರಿ ಹೋದಳು. ಎರಡನೆಯವಳು ಹೇಸಿಕೊಂಡು ಹೋದಳು. ಆಮೇಲೆ ಬಂದವಳು ಈಕೆ. ಮೊದಲ ದಿನವೇ ಮುದುಕರು ಗಂಜಿಯ ತಟ್ಟೆಯನ್ನು ಗೋಡೆಗೆ ಬೀಸಿದಾಗ, ಈಕೆ ಅದನ್ನು ಎತ್ತಿ ತೊಳೆದು, ಮತ್ತೆ ಗಂಜಿ ಬಡಿಸಿ ತಂದು, "ಎಸೀರಿ ಅಪ್ಪಾವರೇ. ತಟ್ಟೆ ಸ್ಟೀಲಿಂದು, ಒಡೆಯಲ್ಲ. ನಾನೂ ಹಾಗೇ," ಎಂದಿದ್ದಳು. ಮುದುಕರು ಬಿಟ್ಟ ಕಣ್ಣು ಬಿಟ್ಟಂತೆ ನೋಡಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

"ಜೀವನಪೂರ್ತಿ ಸರ್ಕಾರದ ಚಾಕರಿ ಮಾಡಿದೆ ಕಣಮ್ಮ," ಎಂದು ಸೊಸೆಯನ್ನು ಕರೆದು ಹೇಳಿದ್ದರು. "ರಿಟೈರಾದ ಮೇಲೂ ಸರ್ಕಾರ ಬೆನ್ನು ಬಿಡ್ಲಿಲ್ಲ ನೋಡು!"

ಅಂದಿನಿಂದ ಅವರು ಮಾತ್ರೆ ನುಂಗುವುದು ಸರ್ಕಾರದ ಆದೇಶದ ಮೇಲೆ. ಮಗ್ಗುಲು ಬದಲಿಸುವುದು ಸರ್ಕಾರದ ಹಸಿರು ಬಾವುಟ ಕಂಡ ಮೇಲೆ. ಹಟ ಹಿಡಿದರೆ ಆಕೆ, "ಹಾಗಾದ್ರೆ ಪೆನ್ಷನ್ ಕಟ್ ಮಾಡ್ತೀನಿ," ಎಂದು ಗದರಿಸುತ್ತಿದ್ದಳು. ಆ ಮನೆಗೆ ನೆಮ್ಮದಿ ಎಂಬುದು ಮರಳಿ ಬಂದದ್ದು ಅವಳ ಹಿಂದೆಯೇ.

ಅವಳು ಮಲಗುತ್ತಿದ್ದುದು ಮುದುಕರ ಕೋಣೆಯಲ್ಲೇ. ಮಂಚಕ್ಕೂ ಕಪಾಟಿಗೂ ನಡುವೆ ಒಂದು ಚಾಪೆ ಬಿಚ್ಚುವಷ್ಟು ಜಾಗವಿತ್ತು. ರಸ್ತೆಯ ಧೂಳು ಬರುತ್ತದೆಂದು ಕಿಟಕಿಯನ್ನು ಎಂದೋ ಮುಚ್ಚಿ, ಸಂದುಗಳಿಗೆ ಹಳೆಯ ಪತ್ರಿಕೆಯನ್ನು ಅಂಟಿಸಿದ್ದರು. ಆ ಮುಚ್ಚಿದ ಕೋಣೆಯಲ್ಲಿ ಮುದುಕರು ಕೆಮ್ಮುತ್ತ ಎದ್ದು ಕುಳಿತಾಗಲೆಲ್ಲ, ಅವರ ಎದೆಯನ್ನು ತನ್ನ ಭುಜಕ್ಕೆ ಆನಿಸಿಕೊಂಡು ಬೆನ್ನು ನೀವುತ್ತಿದ್ದವಳು ಅವಳೇ. ವಾರದಲ್ಲಿ ಒಂದು ದಿನ ಮಾತ್ರ ಅವಳಿಗೆ ರಜೆ. ಅಂದು ಅವಳು ಗೋದಾಮುಗಳ ಹಿಂದಿನ ಸಾಲುಮನೆಯಲ್ಲಿದ್ದ ತನ್ನ ಮಗಳ ಬಳಿಗೆ ಹೋಗುತ್ತಿದ್ದಳು. ಗಂಡ ಬಿಟ್ಟುಹೋದ ಆ ಮಗಳಿಗೆ ಒಂದು ಎಳೆಗೂಸು. ಮರುದಿನ ಮರಳಿ ಬಂದ ಸರ್ಕಾರದ ಬಾಯಲ್ಲಿ ಕೂಸಿನ ಮಾತೇ ಮಾತು.

"ಅಜ್ಜಿ ಎದೆ ಮೇಲೆ ಹಾಕ್ಕೊಂಡ್ರೇನೇ ಅದಕ್ಕೆ ನಿದ್ದೆ, ಟೀಚರಮ್ಮ. ಕೆಳಗೆ ಬಿಟ್ರೆ ಮುಗೀತು, ಕಾರ್ಖಾನೆ ಸೈರನ್ನು! ಚಮಚ ತಗೊಂಡು ಲೋಟಕ್ಕೆ ಟಿಣ್ ಟಿಣ್ ಅಂತ ಬಡಿದ್ರೆ ಸಾಕು, ಕತ್ತು ತಿರುಗಿಸಿ ತಿರುಗಿಸಿ ಹುಡುಕುತ್ತೆ. ಕಳ್ಳ ಮುಂಡೇದು!"

ಸೊಸೆ ತನ್ನ ಮಗಳು ಚಿಕ್ಕವಳಿದ್ದಾಗ ಹಾಕುತ್ತಿದ್ದ ಹಳದಿ ಉಣ್ಣೆಯ ಟೋಪಿಯೊಂದನ್ನು ಪೆಟ್ಟಿಗೆಯ ತಳದಿಂದ ಹುಡುಕಿ, ಆ ಕೂಸಿಗೆಂದು ಕೊಟ್ಟಿದ್ದಳು. ಅಂದರೆ ಕೂಸೊಂದು ಇದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮನೆಗೆ ಬಂದವರ ಮುಂದೆಲ್ಲ ಅವಳು, "ಸರ್ಕಾರ ಕೆಲಸದವಳಲ್ಲ, ನಮ್ಮ ಮನೆಯವಳ ಹಾಗೇ," ಎನ್ನುತ್ತಿದ್ದಳು. ಕೇಳಿದವರು ಅವಳ ದೊಡ್ಡ ಮನಸ್ಸನ್ನು ಹೊಗಳುತ್ತಿದ್ದರು. ಅವಳು ಶಾಲೆಯಲ್ಲಿ ಹೇಳಿಕೊಡುತ್ತಿದ್ದುದು ಭಾಷಾ ಪಾಠ. ಎರಡು ವಸ್ತುಗಳು ಒಂದೇ ಅಲ್ಲದಿದ್ದಾಗ ಮಾತ್ರ ನಡುವೆ 'ಹಾಗೆ' ಎಂಬ ಪದ ಬೇಕಾಗುತ್ತದೆಂದು, ಮುಖ ಚಂದ್ರನ ಹಾಗೆ ಎಂದರೆ ಮುಖ ಚಂದ್ರನಲ್ಲ ಎಂದೇ ಅರ್ಥವೆಂದು, ಪ್ರತಿ ವರ್ಷವೂ ಮಕ್ಕಳಿಗೆ ಉಪಮೆಯ ಪಾಠದಲ್ಲಿ ಬಿಡಿಸಿ ಹೇಳುವವಳೂ ಅವಳೇ.

ಮುದುಕರ ಕೆಮ್ಮು ಋತು ಬದಲಾದರೂ ನಿಲ್ಲದೆ, ಕಫದಲ್ಲಿ ರಕ್ತದ ಎಳೆ ಕಾಣಿಸಿಕೊಂಡಾಗ ಪರೀಕ್ಷೆ ಮಾಡಿಸಿದರು. ಕ್ಷಯ ಎಂದು ತಿಳಿಯಿತು. ಆ ಪದವನ್ನು ಆ ಮನೆಯಲ್ಲಿ ಯಾರೂ ಉಚ್ಚರಿಸಲಿಲ್ಲ. ಗಂಡಹೆಂಡಿರ ನಡುವೆ ಅದು 'ಅದು' ಆಯಿತು. ಮುದುಕರಿಗೂ ಸರ್ಕಾರಕ್ಕೂ 'ಹಳೇ ಕಫ' ಎಂದಾಯಿತು. ನರ್ಸ್ ಬರುವ ದಿನ ಬೆಳಿಗ್ಗೆ ಗಂಡ ಅಡುಗೆಮನೆಗೆ ಬಂದು, ಹಾಲು ಕಾಯಿಸುತ್ತಿದ್ದ ಹೆಂಡತಿಯ ಪಕ್ಕ ನಿಂತು ದನಿ ತಗ್ಗಿಸಿದ್ದ.

"ನರ್ಸಿಗೆ ಫೋನಲ್ಲೇ ಹೇಳಿದ್ದೀನಿ, ಕಾಯಿಲೆ ಹೆಸರು ಜೋರಾಗಿ ಹೇಳಬೇಡಿ, ಅಕ್ಕಪಕ್ಕ ಜನ ಇದ್ದಾರೆ ಅಂತ. ನೀನು ಸರ್ಕಾರದ ವಿಷಯ ಎತ್ತಬೇಡ."

"ಅವರೂ ಅಲ್ಲೇ ಮಲಗ್ತಾರಲ್ಲ. ಪರೀಕ್ಷೆ ಅಂತ ಒಂದು ಮಾಡ್ಸಿದ್ರೆ..."

"ಮಾಡ್ಸು. ಹೆಸರು ಕೇಳಿದ ಕೂಡಲೇ ಚಾಪೆ ಸುತ್ಕೊಂಡು ಹೋಗ್ತಾಳೆ. ಆಮೇಲೆ ಅಪ್ಪನ ಬಟ್ಟೆ ಯಾರು ಬದಲಾಯಿಸ್ತಾರೆ? ನಾನಂತೂ ಆಫೀಸ್ ಬಿಡೋಕಾಗಲ್ಲ. ನೀನು ಶಾಲೆ ಬಿಡ್ತೀಯಾ?"

ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಅವಳು ಬಟ್ಟೆ ತೆಗೆದುಕೊಂಡು ಒರೆಸಿದಳು. ಪರೀಕ್ಷೆಯ ತಿಂಗಳು, ತಾನು ರಜೆ ಹಾಕುವಂತಿಲ್ಲ. ಹೋದ ವರ್ಷ ಎರಡನೆಯವಳು ಬಿಟ್ಟುಹೋದಾಗ ಮಾವನ ಹಾಸಿಗೆಯನ್ನು ತಾನೇ ತೊಳೆದ ದಿನಗಳು ನೆನಪಾದವು. ಆ ವಾಸನೆ, ಆ ಬೈಗುಳ, ಶಾಲೆಗೆ ತಡವಾಗಿ ಓಡಿದ್ದು, ಮಕ್ಕಳ ಮುಂದೆ ನಿಂತು ಕೈ ಮೂಸಿಕೊಂಡದ್ದು. ಅವಳು ಕೆಟ್ಟವಳಾಗಿರಲಿಲ್ಲ. ಈ ಲೋಕದಲ್ಲಿ ಎಷ್ಟೋ ಅನ್ಯಾಯಗಳನ್ನು ಮಾಡುವವರು ಅವಳಂತೆಯೇ ಒಳ್ಳೆಯವರು ಮತ್ತು ದಣಿದವರು.

"ಇವರು?" ಎಂದು ನರ್ಸ್ ಕೇಳಿದಾಗ ಅವಳು ಹೇಳಿದಳು:

"ಕೆಲಸದವರು. ಬಂದು ಹೋಗ್ತಾರೆ."

"ರಾತ್ರಿ?"

"ರಾತ್ರಿ ನಾವೇ ನೋಡ್ಕೋತೀವಿ."

ಬಚ್ಚಲ ಬಾಗಿಲಲ್ಲಿ ಸರ್ಕಾರ ನಿಂತಳು. ಕೈಯಲ್ಲಿ ಬಟ್ಟಲು ಹಾಗೆಯೇ ಇತ್ತು. ಅವಳು ಒಮ್ಮೆ ಸೊಸೆಯ ಮುಖ ನೋಡಿದಳು. ಒಡತಿ ಯಾವುದೋ ಕಾರಣಕ್ಕೆ ಒಂದು ಮಾತು ಆಡಿದ್ದಾಳೆ. ಕಾರಣ ಏನೇ ಇರಲಿ, ಪರರ ಮುಂದೆ ಆ ಮಾತು ಬೀಳಬಾರದು ಎಂದುಕೊಂಡವಳಂತೆ, ಕೇಳದಿದ್ದರೂ ತಾನಾಗಿಯೇ ದನಿಗೂಡಿಸಿದಳು.

"ಹೌದು ನರ್ಸಮ್ಮ. ಬಂದು ಹೋಗ್ತೀನಿ, ಅಷ್ಟೇ."

ಒಳಗಿನಿಂದ ಮುದುಕರ ಕೂಗು ಕೇಳಿಸಿತು. "ಸರ್ಕಾರಾ! ಸಿಗ್ನಲ್ ಕೊಡಿ, ಗಾಡಿ ನಿಲ್ಲಂಗಿಲ್ಲ!"

"ಬಂದೆ, ಬಂದೆ! ಸ್ವಲ್ಪ ಹೊರಗಡೆನೇ ನಿಲ್ಲಿಸ್ಕೊಳ್ಳಿ ನಿಮ್ಮ ಗಾಡೀನ!" ಎನ್ನುತ್ತ ಅವಳು ಪರದೆಯೊಳಗೆ ಮಾಯವಾದಳು. ನರ್ಸೂ ನಕ್ಕುಬಿಟ್ಟಳು. ನಗು ಮುಗಿಯುವಷ್ಟರಲ್ಲಿ ಪೆನ್ನು ಜೇಬು ಸೇರಿತ್ತು.

ಹೊರಡುವ ಮುನ್ನ ನರ್ಸ್ ಕಿಟಕಿಯ ಕಾಗದ ಹರಿದು, ತುಕ್ಕು ಹಿಡಿದ ಚಿಲಕವನ್ನು ಬಡಿದು ತೆರೆದಳು. ಮೂವರೂ ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡರು. ಗಂಡನಿಗೆ ಏನೂ ಇರಲಿಲ್ಲ, ಸೊಸೆಗೂ ಇರಲಿಲ್ಲ. ಪುಟ್ಟಿಯ ತೋಳಿಗೆ ಚುಚ್ಚಿದ ಜಾಗ ಮಾತ್ರ ಕೆಂಪಗೆ ದಪ್ಪನಾಗಿ ಊದಿತು. "ಹೆದರಬೇಡಿ, ಕಾಯಿಲೆ ಇನ್ನೂ ಎದ್ದಿಲ್ಲ, ಒಳಗೆ ಮಲಗಿದೆ. ಈ ಮಾತ್ರೆ ತಪ್ಪದೆ ಕೊಟ್ರೆ ಏಳೋದೇ ಇಲ್ಲ," ಎಂದರು ವೈದ್ಯರು. ಸೊಸೆ ಆಸ್ಪತ್ರೆಯ ಹೊರಗೆ ಬಂದು ಮಗಳನ್ನು ತಬ್ಬಿಕೊಂಡು ಅತ್ತಳು. ಸಕಾಲಕ್ಕೆ ತಿಳಿಯಿತಲ್ಲ ಎಂಬ ಸಮಾಧಾನದ ಅಳು ಅದು.

ಪುಟ್ಟಿ ಮಾತ್ರೆಗೆ ರಂಪ ಮಾಡುತ್ತಿದ್ದಳು. ಶಾಲೆಗೆ ಹೊರಡುವ ಅವಸರದಲ್ಲಿ ಅದನ್ನು ನುಂಗಿಸುವ ಕೆಲಸವೂ ಸರ್ಕಾರದ ಪಾಲಿಗೇ ಬಂತು. ಅದೇನು ಮಾತ್ರೆ ಎಂದು ಕೇಳಿದ್ದಕ್ಕೆ ಸೊಸೆ, "ಶಕ್ತಿ ಮಾತ್ರೆ," ಎಂದಿದ್ದಳು. ದಿನವೂ ಬೆಳಿಗ್ಗೆ ಸರ್ಕಾರ ಆ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಹುಡುಗಿಯ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದಳು. "ಬಾಯಿ ತೆಗಿ ರಾಣಿ. ಸುರಂಗದೊಳಗೆ ರೈಲು ಹೋಗುತ್ತೆ ನೋಡು, ಕೂಊಊ..." ಪುಟ್ಟಿ ನಗುತ್ತ ನುಂಗಿಬಿಡುತ್ತಿದ್ದಳು.

ಮನೆಯಲ್ಲಿ ಕೆಲವು ವಸ್ತುಗಳು ಜಾಗ ಬದಲಿಸಿದವು. ಒಳಕೋಣೆಯ ಬಾಗಿಲ ಬಳಿಯಿದ್ದ ಪುಟ್ಟಿಯ ಓದುವ ಮೇಜು ನಡುಮನೆಗೆ ಬಂತು. ಮುದುಕರ ಲೋಟ ತಟ್ಟೆಗಳು ಬೇರೆ ಕಪಾಟು ಸೇರಿದವು. ಗಂಡ ಅಪ್ಪನನ್ನು ಹೊಸ್ತಿಲ ಹೊರಗಿನಿಂದಲೇ ಮಾತನಾಡಿಸತೊಡಗಿದ. ಮಂಚಕ್ಕೂ ಕಪಾಟಿಗೂ ನಡುವಿನ ಚಾಪೆಯನ್ನು ಮಾತ್ರ ಯಾರೂ ಸರಿಸಲಿಲ್ಲ.

ಮುದುಕರು ಚೇತರಿಸಿಕೊಂಡರು. ಕೆನ್ನೆಗೆ ರಕ್ತ ಬಂತು, ಬೈಗುಳಕ್ಕೆ ಹೊಸ ಹುರುಪು ಬಂತು. ಸರ್ಕಾರ ಒಣಗತೊಡಗಿದಳು. ಮೊದಲು ರವಿಕೆಯ ತೋಳು ಸಡಿಲವಾಯಿತು. ಆಮೇಲೆ ಕೊರಳ ಮೂಳೆ ಎದ್ದು ಕಂಡಿತು. ಪಾತ್ರೆ ತೊಳೆಯುವ ನೀರಿನ ಸದ್ದಿನೊಳಗೆ ಅವಳು ತನ್ನ ಕೆಮ್ಮನ್ನು ಬಚ್ಚಿಡುತ್ತಿದ್ದಳು. ನಲ್ಲಿ ನಿಂತಾಗಲೂ ಕೆಮ್ಮು ನಿಲ್ಲದಿದ್ದುದನ್ನು ಸೊಸೆ ಕೇಳಿಸಿಕೊಂಡಳು. ಹಿಂದಿನ ಬೆಂಚಿನ ಪಿಸುಮಾತು ಕೇಳುವ ಕಿವಿಯಲ್ಲವೆ ಅದು! ಕೇಳಿಸಿಕೊಂಡು, ಕೋಣೆಯ ಬಾಗಿಲನ್ನು ಮೆಲ್ಲನೆ ಮುಂದೆ ಮಾಡಿಕೊಂಡು ಉತ್ತರಪತ್ರಿಕೆ ತಿದ್ದತೊಡಗಿದಳು.

"ನೋಡಿದ್ಯಾ?" ಎಂದ ಗಂಡ. "ಕೆಮ್ಮೋರನ್ನ ಮನೇಲಿ ಇಟ್ಕೊಂಡು ಕೂರೋಕಾಗುತ್ತಾ? ಪುಟ್ಟಿ ಇದ್ದಾಳೆ. ಅಪ್ಪನೂ ಈಗ ಹಿಡ್ಕೊಂಡು ನಡೀತಾರೆ. ಇನ್ನು ಹಗಲು ಹೊತ್ತು ಯಾರಾದ್ರೂ ಸಾಕು."

ಸೊಸೆ ಅವನ ಮುಖ ನೋಡಿದಳು. ಅವನು ಹಾಸ್ಯ ಮಾಡುತ್ತಿರಲಿಲ್ಲ.

ಮರುದಿನ ಅವಳು ಸರ್ಕಾರವನ್ನು ಹಿತ್ತಿಲಿಗೆ ಕರೆದು, ನೆಲ ನೋಡುತ್ತ ಹೇಳಿದಳು. "ನಿಮಗೆ ಮೈ ಸರಿಯಿಲ್ಲ. ಸ್ವಲ್ಪ ದಿನ ಮಗಳ ಮನೇಲಿದ್ದು ಸುಧಾರಿಸ್ಕೊಳ್ಳಿ. ಒಂದು ಸಲ ಆಸ್ಪತ್ರೆಗೂ ತೋರಿಸ್ಕೊಳ್ಳಿ."

"ಅಯ್ಯೋ, ನನಗೇನಾಗಿದೆ ಟೀಚರಮ್ಮ? ಬರೀ ನಿಶ್ಶಕ್ತಿ." ಸರ್ಕಾರ ಒಣಬಟ್ಟೆಗಳನ್ನು ಮಡಿಸುತ್ತಲೇ ಇದ್ದಳು. ಆಮೇಲೆ, ಕೇಳಬಾರದ್ದನ್ನು ಕೇಳುವವಳಂತೆ ಸಂಕೋಚದಿಂದ ನಕ್ಕಳು. "ಪುಟ್ಟಿಗೆ ಕೊಡ್ತೀವಲ್ಲ, ಆ ಶಕ್ತಿ ಮಾತ್ರೆ, ನನಗೂ ಒಂದೆರಡು ಕೊಡ್ತೀರಾ? ಅವಳು ನೋಡಿ, ಹೇಗೆ ಗುಂಡುಗುಂಡಗೆ ಆದ್ಲು."

ಸೊಸೆ ಹಗ್ಗದ ಮೇಲಿದ್ದ ಟವೆಲೊಂದನ್ನು ಎಳೆದುಕೊಂಡಳು. ಹೇಳಬೇಕಾದದ್ದು ನಾಲಿಗೆಯ ತುದಿಗೆ ಬಂದು ನಿಂತಿತು.

"ಅದು... ಮಕ್ಕಳಿಗೆ ಮಾತ್ರ ಬರೋದು."

"ಹೌದಾ? ಹೋಗ್ಲಿ ಬಿಡಿ. ನಮ್ಮ ಕೂಸಿಗೆ ದೊಡ್ಡದಾದ ಮೇಲೆ ಕೇಳ್ತೀನಿ."

ಚಾಪೆ ಸುತ್ತಿಕೊಂಡು ಸರ್ಕಾರ ಹೋದಳು. ವಾರಕ್ಕೊಂದು ದಿನ ಕೂಸನ್ನು ಎದೆಯ ಮೇಲೆ ಮಲಗಿಸಿಕೊಳ್ಳುತ್ತಿದ್ದವಳು ಇನ್ನು ಪ್ರತಿದಿನವೂ ಮಲಗಿಸಿಕೊಳ್ಳಬಹುದಾಗಿತ್ತು. ಮಗಳು ಅಂಗಿಯ ಗುಂಡಿ ತಯಾರಿಸುವ ಕಾರ್ಖಾನೆಗೆ ಹೋಗುತ್ತಿದ್ದುದರಿಂದ ಹಗಲೆಲ್ಲ ಕೂಸು ಅಜ್ಜಿಯ ಬಳಿಯೇ. ಇದನ್ನೆಲ್ಲ ಸೊಸೆ ಬಲ್ಲಳು. ಬಲ್ಲೆನೆಂದು ತನಗೆ ತಾನೇ ಹೇಳಿಕೊಳ್ಳಲಿಲ್ಲ, ಅಷ್ಟೇ.

ಅಂದು ಮಧ್ಯಾಹ್ನ ಮುದುಕರು ಕೂಗಿದರು. ಮತ್ತೆ ಕೂಗಿದರು. ಕೊನೆಗೆ ಗೋಡೆ ಹಿಡಿದು ನಡುಮನೆಯವರೆಗೆ ಬಂದು, ಮಗನನ್ನೂ ಸೊಸೆಯನ್ನೂ ನೋಡಿ, "ಏನಮ್ಮ, ಸರ್ಕಾರ ಬಿದ್ದುಹೋಯ್ತಾ?" ಎಂದರು. ಹಾಸ್ಯಕ್ಕೆ ನಗುವ ಅಭ್ಯಾಸವಿದ್ದ ಆ ಮನೆಯಲ್ಲಿ ಯಾರೂ ನಗಲಿಲ್ಲ. ಮುದುಕರು ಇಬ್ಬರ ಮುಖವನ್ನೂ ಬದಲಿಸಿ ಬದಲಿಸಿ ನೋಡಿದರು. ಮತ್ತೇನನ್ನೂ ಕೇಳದೆ, ಬಂದ ಹಾಗೆಯೇ ಗೋಡೆ ಹಿಡಿದುಕೊಂಡು ಹಿಂದಕ್ಕೆ ಹೋದರು.

ಮುದುಕರ ಔಷಧಿ ಮುಗಿಯುವ ಹೊತ್ತಿಗೆ ನರ್ಸ್ ಕೊನೆಯ ಸಲ ಬಂದಳು. ಕಫ ಶುದ್ಧವಾಗಿತ್ತು, ಕಿಟಕಿ ತೆರೆದಿತ್ತು. ಎಲ್ಲ ನೋಡಿ ಒಳ್ಳೆಯ ಮಾತಾಡಿದಳು. ಎದ್ದು ಹೊರಡುವಾಗ ಬಾಗಿಲಲ್ಲಿ ತಡೆದು ನಿಂತಳು.

"ಟೀಚರ್, ಆವತ್ತು ಒಬ್ಬರು ಇದ್ರಲ್ಲ, ಬಟ್ಟಲು ಹಿಡ್ಕೊಂಡು. ಬಂದು ಹೋಗ್ತಾರೆ ಅಂದ್ರಿ."

ಸೊಸೆ ಬಾಗಿಲ ಚಿಲಕಕ್ಕೆ ಕೈ ಹಾಕಿದಳು. "ಹೂಂ. ಈಗ ಬರ್ತಿಲ್ಲ."

"ಗೊತ್ತು. ಗೋದಾಮಿನ ಹಿಂದಿನ ಸಾಲುಮನೇಲಿದ್ದಾರೆ. ಎರಡೂ ಶ್ವಾಸಕೋಶಕ್ಕೆ ಹರಡಿದ ಮೇಲೆ ಬಂದ್ರು. ಅವರು ಮಾತ್ರೆ ತಗೊಂಡು ಉಳೀಬಹುದು. ಕೂಸಿಗೆ ಮಾತ್ರ ತಲೆಗೆ ಏರಿಬಿಟ್ಟಿತ್ತು." ನರ್ಸ್ ಚೀಲದ ಪಟ್ಟಿಯನ್ನು ಹೆಗಲ ಮೇಲೆ ಸರಿಪಡಿಸಿಕೊಂಡಳು. "ಜೀವ ಉಳೀತು. ಉಳಿದಿದ್ದು ಅಷ್ಟೇ. ಎಲ್ಲಿ ಕೆಲಸ ಮಾಡ್ತಿದ್ರಿ, ಅಲ್ಲಿ ಯಾರಿಗಾದ್ರೂ ಇತ್ತಾ ಅಂತ ಎಷ್ಟು ಸಲ ಕೇಳಿದೆ. ಇಲ್ಲ, ಆ ಮನೇಲಿ ಎಲ್ಲ ಚೆನ್ನಾಗಿದ್ದಾರೆ, ನಾನು ಸುಮ್ಮನೆ ಬಂದು ಹೋಗ್ತಿದ್ದೆ ಅಂತಾನೇ ಅಂದ್ರು. ಮುಖ ಎಲ್ಲೋ ನೋಡಿದ ಹಾಗಿತ್ತು ನನಗೆ, ಇಲ್ಲೇ ಅಂತ ಆಮೇಲೆ ಹೊಳೀತು. ನಾನು ಆವತ್ತೇ ಇನ್ನೊಂದು ಸಲ ಕೇಳಬೇಕಿತ್ತು, ಟೀಚರ್. ಕೇಳ್ಲಿಲ್ಲ."

ಅವಳು ಉತ್ತರಕ್ಕೆ ಕಾಯಲಿಲ್ಲ. ಮೆಟ್ಟಿಲಿಳಿದು ಹೋದಳು.

ಮರುದಿನ ಸೊಸೆ ಗಂಡನಿಗೆ ಹೇಳದೆ ಹೊರಟಳು. ಶಾಲೆ ಬಿಟ್ಟ ಮೇಲೆ ನೇರವಾಗಿ ಗೋದಾಮುಗಳ ಕಡೆ ನಡೆದಳು. ದಾರಿಯಲ್ಲಿ ಒಂದು ಚೀಲ ಕಿತ್ತಳೆ ಕೊಂಡಳು. ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲಿ ಪಾಠದಂತೆ ಜೋಡಿಸಿಕೊಂಡಳು: ಮಾವನಿಗಿದ್ದದ್ದು ಹಳೇ ಕಫವಲ್ಲ, ನಿಮ್ಮಿಂದ ಮುಚ್ಚಿಟ್ಟೆವು, ಪುಟ್ಟಿಗೆ ನೀವು ಕೊಡುತ್ತಿದ್ದುದು ಶಕ್ತಿ ಮಾತ್ರೆಯಲ್ಲ, ಆ ದಿನ ನಾನು ನಿಮ್ಮನ್ನು ಎಣಿಸಲಿಲ್ಲ. ಇಂದು ಹೇಳಿಯೇ ತೀರುತ್ತೇನೆಂದು ಹಲ್ಲು ಕಚ್ಚಿ ನಡೆದಳು.

ಸಾಲುಮನೆಯ ಕೊನೆಯ ಬಾಗಿಲು. ಹೊಸ್ತಿಲಾಚೆ, ಬಿಸಿಲು ಬೀಳುವ ಕಟ್ಟೆಯ ಮೇಲೆ, ಬಾಯಿಮೂಗಿಗೆ ಬಟ್ಟೆ ಕಟ್ಟಿಕೊಂಡು ಒಂದು ಮುದುಡಿದ ಆಕೃತಿ ಕುಳಿತಿತ್ತು. ಸೊಸೆಗೆ ಗುರುತು ಹತ್ತಲಿಲ್ಲ. ಆಕೃತಿಯೇ ಗಡಬಡಿಸಿ ಎದ್ದು, ಗೋಡೆಗೆ ಒತ್ತಿಕೊಂಡು ನಿಂತಿತು.

"ಅಯ್ಯೋ ಟೀಚರಮ್ಮ! ಅಲ್ಲೇ ನಿಲ್ಲಿ, ಅಲ್ಲೇ ನಿಲ್ಲಿ! ಹತ್ತಿರ ಬರಬೇಡಿ, ನಿಮಗೆ ಅಂಟೀತು. ಗಾಳಿ ಆ ಕಡೆಯಿಂದ ಬೀಸ್ತಿದೆ, ನೀವು ಈ ಪಕ್ಕ ಬನ್ನಿ."

ಸೊಸೆ ಅವಳು ತೋರಿಸಿದ ಕಡೆ ಹೋಗಿ ನಿಂತಳು. ಕಿತ್ತಳೆಯ ಚೀಲ ಕೈಯಲ್ಲೇ ಉಳಿಯಿತು.

"ಪುಟ್ಟಿ ಹೇಗಿದ್ದಾಳೆ? ಅವಳಿಗೇನೂ ಆಗಿಲ್ಲ ತಾನೇ? ಅಪ್ಪಾವರು?" ಸರ್ಕಾರ ಒಂದೇ ಉಸಿರಿಗೆ ಕೇಳಿ, ಉಸಿರು ಸಾಲದೆ ನಿಂತಳು. ಆಮೇಲೆ ದನಿ ಇಳಿಸಿದಳು. "ನಾನೇ ಬಂದು ಹೇಳಬೇಕಿತ್ತು. ಬರೋಕೆ ಮುಖ ಇರ್ಲಿಲ್ಲ. ನನಗಿರೋದು ಕ್ಷಯ ಅಂತೆ ಟೀಚರಮ್ಮ. ಯಾವ ಕಾಲದಿಂದ ಒಳಗಿತ್ತೋ ಏನೋ. ಅಪ್ಪಾವರಿಗೆ ಆ ಹಳೇ ಕಫ ಅಷ್ಟು ಜೋರಾಗಿದ್ದು ನನ್ನಿಂದಲೇ ಇರಬೇಕು. ದಿನಾ ಅವರ ಪಕ್ಕದಲ್ಲೇ ಮಲಗ್ತಿದ್ದೆ. ಪುಟ್ಟಿ ಬಾಯಿಗೆ ಇದೇ ಕೈಯಲ್ಲಿ ಮಾತ್ರೆ ಹಾಕ್ತಿದ್ದೆ. ನೀವು ನನ್ನ ಮನೆಯವಳ ಹಾಗೆ ನೋಡ್ಕೊಂಡ್ರಿ, ನಾನು ನಿಮಗೇ ಹೀಗೆ ಮಾಡಿದೆ. ತಪ್ಪಾಯ್ತು. ಹೊಟ್ಟೆಗೆ ಹಾಕ್ಕೊಳ್ಳಿ, ಟೀಚರಮ್ಮ."

ಅವಳು ಕೈ ಮುಗಿದಿದ್ದಳು. ಉಗುರುಗಳು ಬೂದಿಯ ಬಣ್ಣಕ್ಕೆ ತಿರುಗಿದ್ದವು.

ಈಗ ಹೇಳಬೇಕಿತ್ತು. ಇದಕ್ಕಿಂತ ಸ್ಪಷ್ಟವಾಗಿ ಯಾರೂ ಯಾರಿಗೂ ಬಾಗಿಲು ತೆರೆದು ಕೊಡಲಾರರು. ಸೊಸೆ ಬಾಯಿ ತೆರೆದಳು. ದಾರಿಯುದ್ದಕ್ಕೂ ಜೋಡಿಸಿಕೊಂಡ ವಾಕ್ಯಗಳಲ್ಲಿ ಮೊದಲನೆಯದೇ ಸಿಗಲಿಲ್ಲ. ಒಳಗೆ ಗೋಡೆಗೊರಗಿ ಕುಳಿತಿದ್ದ ಸರ್ಕಾರದ ಮಗಳು ಇವಳನ್ನೇ ದಿಟ್ಟಿಸಿ ನೋಡುತ್ತಿದ್ದಳು.

"ಹಾಗೆಲ್ಲ ಅನ್ಕೋಬೇಡಿ," ಎಂದಳು ಸೊಸೆ. "ಅವರೆಲ್ಲ ಆರಾಮಾಗಿದ್ದಾರೆ."

"ಸದ್ಯ!" ಸರ್ಕಾರ ಕಣ್ಣು ಮುಚ್ಚಿ ತೆರೆದಳು. "ಆದ್ರೂ ಒಂದು ಸಲ ಎಲ್ಲರೂ ಪರೀಕ್ಷೆ ಮಾಡಿಸ್ಕೊಂಡುಬಿಡಿ. ನರ್ಸಮ್ಮ ಬಂದು, ನಿಮ್ಮ ಮನೇಲಿ ಎಷ್ಟು ಜನ ಅಂತ ಕೇಳಿದ್ರು. ಮಗಳು, ಕೂಸು, ಆಮೇಲೆ ನೀವು ನಾಲ್ಕು ಜನ, ಅಂತ ಹೇಳೋಕೆ ಬಾಯ್ತನಕ ಬಂದಿತ್ತು. ನಿಮ್ಮನ್ನ ಬಿಟ್ಟು ಹೇಗೆ ಎಣಿಸೋದು? ಆಮೇಲೆ ನಿಮ್ಮ ಮನೆಗೆ ಕೆಟ್ಟ ಹೆಸರು ಬರಬಾರದು ಅಂತ ಸುಮ್ಮನಾದೆ."

ಒಳಗೆ ಕೂಸು ಚಾಪೆಯ ಮೇಲೆ ಅಂಗಾತ ಮಲಗಿತ್ತು. ಅದೇ ಚಾಪೆ. ತಲೆಗೆ ಹಳದಿ ಟೋಪಿ. ಕಣ್ಣುಗಳು ತೆರೆದೇ ಇದ್ದವು. ಅವು ಸೂರಿನ ತಗಡಿನಲ್ಲೊಂದು ಜಾಗವನ್ನು ನೋಡುತ್ತಿದ್ದವು. ಮಗಳು ಲೋಟ ಎತ್ತಿಕೊಂಡು ಚಮಚದಿಂದ ಬಡಿದಳು. ಟಿಣ್, ಟಿಣ್. ಕೂಸಿನ ಬಲಗಡೆ ಬಡಿದಳು. ಎಡಗಡೆ ಬಡಿದಳು. ಕಣ್ಣು ತಗಡನ್ನು ಬಿಟ್ಟು ಅಲುಗಲಿಲ್ಲ.

"ದಿನಾ ಹೀಗೇ ಬಡೀತಾಳೆ," ಎಂದಳು ಸರ್ಕಾರ. "ಸಾಕು ಬಿಡೇ ಅಂದ್ರೆ ಕೇಳಲ್ಲ."

ಸೊಸೆ ಕಿತ್ತಳೆಯ ಚೀಲವನ್ನು ಕಟ್ಟೆಯ ತುದಿಯಲ್ಲಿಟ್ಟಳು. ಒಂದು ಹಣ್ಣು ಉರುಳಿ ಚರಂಡಿಯ ಅಂಚಿಗೆ ಹೋಗಿ ನಿಂತಿತು. ಹೊರಡುತ್ತೇನೆ ಎಂಬಂತೆ ತಲೆಯಾಡಿಸಿದಳು.

"ಹೋಗಿ ಬನ್ನಿ ಅನ್ನಲ್ಲ, ಟೀಚರಮ್ಮ," ಎಂದಳು ಸರ್ಕಾರ, ಬಾಯಿಯ ಬಟ್ಟೆಯನ್ನು ಬಿಗಿದುಕೊಳ್ಳುತ್ತ. "ಇಲ್ಲಿಗೆ ಮತ್ತೆ ಬರಲೇಬೇಡಿ. ಪುಟ್ಟಿ ಇದ್ದಾಳೆ. ಹೋಗಿ."

ಅವಳು ಹೋದಳು. ಸಾಲುಮನೆ ಮುಗಿದು ಗೋದಾಮಿನ ಗೋಡೆ ಶುರುವಾಗುವವರೆಗೂ ಹಿಂದಿನಿಂದ ಚಮಚದ ಸದ್ದು ಕೇಳಿಸುತ್ತಿತ್ತು. ಟಿಣ್, ಟಿಣ್. ಅವಳು ತಿರುಗಿ ನೋಡಲಿಲ್ಲ.

ನಾಳೆಯೋ ನಾಡಿದ್ದೋ, ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬಳು ನಿಮ್ಮ ಬಾಗಿಲಿಗೂ ಬರಬಹುದು. ಮನೆಯಲ್ಲಿ ಎಷ್ಟು ಜನ ಎಂದು ಕೇಳಬಹುದು. ದಯವಿಟ್ಟು ಕೂಡಲೇ ಬೆರಳು ಮಡಿಸಬೇಡಿ. ಎದ್ದು ಹೋಗಿ, ಒಳಕೋಣೆಯ ಪರದೆ ಸರಿಸಿ, ಅಲ್ಲಿ ಮೂಲೆಯಲ್ಲಿ ಸುತ್ತಿಟ್ಟ ಚಾಪೆ ಯಾರದೆಂದು ನೋಡಿ ಬನ್ನಿ. ಆಮೇಲೆ ಎಣಿಸಿ.